ಉಸಿರು ಮೇಷ್ಟ್ರ ನಾಲ್ಕೂವರೆ

ಅವರನ್ನು ನಾನು ಮೊದಲು ನೋಡಿದ್ದು ರೋಗಿಗಳ ಮಂಚದ ಮೇಲೆ. ಅಂಗಿಯನ್ನು ಎದೆವರೆಗೆ ಎತ್ತಿಕೊಂಡು, ಬಲಪಕ್ಕೆಗೆ ಜೆಲ್ ಬಳಿದುಕೊಂಡು ಮಲಗಿದ್ದರು. ಒಂದು ಕೈಯಲ್ಲಿ ಸ್ಕ್ಯಾನಿಂಗ್ ಮೆಷಿನ್ನಿನ ಹಿಡಿ, ಇನ್ನೊಂದು ಕೈ ಗುಂಡಿಗಳ ಕಡೆ ಚಾಚಿತ್ತು, ಕತ್ತು ಪರದೆ ಕಡೆ ತಿರುಚಿತ್ತು. ಆವತ್ತು ನಾನು ಆ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದ ಮೊದಲ ದಿನ. ಕೋಣೆ ಒರೆಸೋಕೆ ಬಕೆಟ್ ಹಿಡಿದು ಒಳಗೆ ಬಂದವಳು, ಯಾವನೋ ರೋಗಿ ಯಾರೂ ಇಲ್ಲದ ಹೊತ್ತು ನೋಡಿ ಮೆಷಿನ್ನಿಗೆ ಕೈ ಹಾಕಿದ್ದಾನೆ ಅಂದುಕೊಂಡೆ.

"ಏನಪ್ಪಾ, ಯಾರನ್ನ ಕೇಳಿ ಅದನ್ನ ಮುಟ್ಟಿದೆ? ಇಳಿ ಕೆಳಗೆ. ಈಗಲೇ ಕರೀತೀನಿ ನೋಡು ಒಳಗಿನವರನ್ನ" ಅಂದೆ.

ಅವರು ಉಸಿರು ಬಿಗಿ ಹಿಡಿದಿದ್ದರು, ಕೆನ್ನೆ ಉಬ್ಬಿತ್ತು. ಮಾತಾಡೋಕಾಗದೆ ತಾಳು ಅಂತ ಸನ್ನೆ ಮಾಡಿದರು. ಆಮೇಲೆ ಪುಸ್ಸಂತ ಉಸಿರು ಬಿಟ್ಟು ಎದ್ದು ಕೂತರು.

"ಕರೀರಮ್ಮ, ಕರೀರಿ. ನೀವು ಯಾರನ್ನ ಕರೆದರೂ ಅವರು ನನ್ನನ್ನೇ ಕರೀತಾರೆ. ಇಲ್ಲಿ ಸ್ಕ್ಯಾನಿಂಗ್ ಮಾಡೋನು ನಾನೇ."

ನನಗೆ ನಾಚಿಕೆಯಾಗಿ ಬಕೆಟ್ಟಿನ ಕಡೆ ನೋಡುತ್ತಾ ನಿಂತೆ. ಅವರು ಹೊಟ್ಟೆ ಒರೆಸಿಕೊಳ್ಳುತ್ತಾ, ಸಿಟ್ಟಿಲ್ಲದೆ ಕೇಳಿದರು, "ಬೆಳಿಗ್ಗೆ ಏನಾದರೂ ತಿಂದಿದ್ದೀರಾ?"

"ಇಲ್ಲ ಸ್ವಾಮಿ. ಕೆಲಸ ಮುಗಿಸಿ ಹತ್ತು ಗಂಟೆ ಮೇಲೆಯೇ ನಾನು ತಿನ್ನೋದು. ಮದುವೆಯಾದಾಗಿನಿಂದ ಹಾಗೇ ಅಭ್ಯಾಸ."

"ಕುಡಿಯೋ ಚಟ?"

"ಏನಂದ್ರಿ?" ಅಂದೆ, ಒರೆಸೋ ಬಟ್ಟೆ ಕೈಯಲ್ಲಿ ಹಿಂಡುತ್ತಾ.

"ತಪ್ಪು ತಿಳೀಬೇಡಿ. ಎಲ್ಲರನ್ನೂ ಕೇಳಬೇಕಾದ ಮಾತು ಅದು. ಬನ್ನಿ, ಮಲಗಿ. ನಿಮ್ಮ ಲಿವರ್ ನೋಡೋಣ."

ಹಾಗೆ ಶುರುವಾಯಿತು. ನನ್ನ ಬಲಪಕ್ಕೆಯಲ್ಲಿ ಎರಡು ಎಲುಬಿನ ನಡುವೆ ಹಿಡಿ ಇಟ್ಟು, ಉಸಿರು ಹಿಡಿಸಿ, ಗುಂಡಿ ಒತ್ತಿದರು. ಹತ್ತು ಸಲ ಮಾಡಿ, ಬಂದ ಹತ್ತು ಅಂಕಿಯಲ್ಲಿ ನಟ್ಟನಡುವಿನದನ್ನು ಹಿಡಿದರು. ನಾಲ್ಕೂವರೆ. ಮಾರನೆ ದಿನ ಮತ್ತೆ ಮಲಗಿಸಿದರು. ನಾಲ್ಕೂವರೆ. ಮೂರನೆ ದಿನ ನಾಲ್ಕು ಪಾಯಿಂಟ್ ಆರು. ಅವರ ಮುಖ ಅರಳಿತು.

"ಅಮ್ಮ, ನನಗೆ ಬೇಕಾಗಿದ್ದ ಹೊಟ್ಟೆ ನಿಮ್ಮದೇ" ಅಂದರು.

ವಿಷಯ ಇಷ್ಟೇ. ಆ ಮೆಷಿನ್ ಯಾವುದೋ ದೊಡ್ಡ ಆಸ್ಪತ್ರೆಯವರು ಹಳೆಯದಾಯಿತು ಅಂತ ಕೊಟ್ಟದ್ದು. ಒಂದೊಂದು ದಿನ ಅದರ ಅಂಕಿ ಹೆಚ್ಚು ಕಮ್ಮಿ ಆಗುತ್ತಿತ್ತಂತೆ. ರೋಗಿ ಬರೋ ಮೊದಲು ಮೆಷಿನ್ ಸರಿಯಿದೆಯಾ ಅಂತ ನೋಡೋಕೆ, ಅಂಕಿ ಬದಲಾಗದ ಒಂದು ಲಿವರ್ ಬೇಕಿತ್ತು. ತಮ್ಮದನ್ನೇ ಅಳೆದುಕೊಳ್ಳೋಕೆ ನೋಡಿದ್ದರು. ಆದರೆ ಅವರು ದಾರಿಯಲ್ಲಿ ಒಂದು ಟೀ, ಬಂದ ಮೇಲೆ ಒಂದು ಟೀ, ಜೇಬಲ್ಲಿ ಬಿಸ್ಕತ್ತು ಇಟ್ಟುಕೊಂಡು ಓಡಾಡೋ ಮನುಷ್ಯ. ತಿಂದ ಮೇಲೆ ಒಂದೆರಡು ಗಂಟೆ ಹೊಟ್ಟೆಯ ರಕ್ತವೆಲ್ಲ ಲಿವರ್ ಕಡೆ ನುಗ್ಗುತ್ತದೆ, ಅದು ಬಿಗಿಯುತ್ತದೆ, ಅಂಕಿ ಏರುತ್ತದೆ. ಖಾಯಿಲೆಯಿದ್ದರೂ ಏರುತ್ತದೆ. ಹಾಗಾಗಿ ಅಳತೆಗೆ ಖಾಲಿ ಹೊಟ್ಟೆಯೇ ಬೇಕು.

ಅಂಗಡಿಯಲ್ಲಿ ತಕ್ಕಡಿಗೆ ತೂಕದ ಕಲ್ಲು ಇರುತ್ತದಲ್ಲ, ಹಾಗೆ ಆ ಮೆಷಿನ್ನಿಗೆ ನಾನು. ಬೆಳಿಗ್ಗೆ ಎಂಟೂವರೆಗೆ ಮಲಗುತ್ತಿದ್ದೆ, ಅವರು ಅಳೆಯುತ್ತಿದ್ದರು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಅಂಕಿ ಬರೆಯುತ್ತಿದ್ದರು. ಓದು ನನಗೆ ನಿಧಾನ. ಅಂಕಿ ಚೆನ್ನಾಗಿ ಬರುತ್ತದೆ. ಎಂಟು ವರ್ಷದ ಕ್ಯಾಲೆಂಡರಿನಲ್ಲಿ ಐದು ಅನ್ನೋ ಅಂಕಿ ನನ್ನ ಹೆಸರಲ್ಲಿ ಒಂದು ದಿನವೂ ಬಿದ್ದಿರಲಿಲ್ಲ.

ಅವರಿಗೆ ಉಸಿರು ಮೇಷ್ಟ್ರು ಅಂತ ಹೆಸರು ಬಿದ್ದಿತ್ತು. ಬೆಳಗಿನಿಂದ ಸಂಜೆವರೆಗೆ ಅದೊಂದೇ ಪಾಠ: "ಉಸಿರು ಎಳ್ಕೊಳ್ಳಿ, ಹಿಡೀರಿ, ಹಾಗೇ ಹಿಡೀರಿ, ಬಿಡಿ." ಹೊರಗೆ ಬೆಂಚಿನ ಮೇಲೆ ಕೂತವರೂ ಬಾಗಿಲ ಸಂದಿಯಿಂದ ಕೇಳಿ ಉಸಿರು ಹಿಡಿದು ಕೂರುತ್ತಿದ್ದರು. ಒಂದು ಸಲ ಅವರ ಹೆಂಡತಿ ಊಟದ ಡಬ್ಬಿ ಕೊಡೋಕೆ ಬಂದಾಗ ಹೇಳಿದ್ದರು, "ರಾತ್ರಿ ನಿದ್ದೇಲೂ ಉಸಿರು ಹಿಡೀರಿ ಅಂತಾರೆ ಕಣ್ರೀ. ಬಿಡಿ ಅನ್ನೋದನ್ನ ಮಾತ್ರ ಮರೀತಾರೆ. ಒಂದಿನ ಹಿಡ್ಕೊಂಡೇ ಹೋಗ್ಬಿಡ್ತೀನಿ ನಾನು."

"ಹೋದರೆ ಊಟ ಯಾರು ತರ್ತಾರೆ?" ಅಂದರು ಮೇಷ್ಟ್ರು, ಡಬ್ಬಿ ಮುಚ್ಚಳ ತೆಗೆಯುತ್ತಾ.

ಮೇಷ್ಟ್ರು ಹುಡುಗರಾಗಿದ್ದಾಗ ಫೋಟೋ ಅಂಗಡಿಯ ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆಯುತ್ತಿದ್ದರಂತೆ. ಅಲ್ಲಿಂದ ಎಕ್ಸರೇ ಫಿಲಂ ತೊಳೆಯೋ ಕೆಲಸ, ಅಲ್ಲಿಂದ ಓದಿ ಪರೀಕ್ಷೆ ಕಟ್ಟಿ ಸ್ಕ್ಯಾನಿಂಗ್. ನೆರಳು ನೋಡಿಯೇ ಬದುಕು ಸಾಗಿಸಿದೆ ಅನ್ನುತ್ತಿದ್ದರು. ನನಗೆ ಲಿವರಿನ ವಿಷಯ ತಿಳಿಸಿದ್ದು ಬ್ರೆಡ್ಡು ಹಿಡಿದು. ಇವತ್ತಿನ ಬ್ರೆಡ್ಡಿಗೆ ಬೆರಳು ಒತ್ತಿದರೆ ಒಳಗೆ ಹೋಗುತ್ತದೆ, ನಾಲ್ಕು ದಿನದ ಬ್ರೆಡ್ಡು ಬೆರಳನ್ನು ತಡೆಯುತ್ತದೆ. ಲಿವರಿಗೆ ಹೊರಗಿನಿಂದ ಬೆರಳು ಹೋಗಲ್ಲ. ಅದಕ್ಕೇ ಮೆಷಿನ್ ಕಿವಿಗೆ ಕೇಳದ ಸದ್ದಿನಿಂದ ಒಳಗೆ ಒಂದು ಸಣ್ಣ ತಳ್ಳು ಕೊಟ್ಟು, ಆ ಅಲೆ ಎಷ್ಟು ಜೋರಾಗಿ ಓಡುತ್ತದೆ ಅಂತ ನೋಡುತ್ತದೆ. ಮೆತ್ತಗಿದ್ದರೆ ನಿಧಾನ, ಅಂಕಿ ಕಮ್ಮಿ; ಗಟ್ಟಿಯಾದರೆ ಜೋರು, ಅಂಕಿ ಜಾಸ್ತಿ. "ಕಣ್ಣು ಹಳದಿಯಾದ ಮೇಲೆ ಯಾರು ಬೇಕಾದರೂ ಹೇಳ್ತಾರೆ ಅಮ್ಮ. ಅದಕ್ಕಿಂತ ಮುಂಚೆ ಹೇಳಬೇಕು. ಅದಕ್ಕೇ ನಾನಿರೋದು."

ಒಂದು ಮಧ್ಯಾಹ್ನ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯೋ ಹುಡುಗಿಯೊಬ್ಬಳನ್ನು ಅವಳ ಅಕ್ಕ ಕರೆದುಕೊಂಡು ಬಂದಳು. ಹುಡುಗಿಗೆ ಇಪ್ಪತ್ತೆರಡು ವರ್ಷ. ಐದು ದಿನದಿಂದ ಜ್ವರ. ರಜೆ ಹಾಕಿದರೆ ಬೇರೆಯವರನ್ನು ಕೂರಿಸುತ್ತಾರೆ ಅಂತ ಮಾತ್ರೆ ನುಂಗಿ ನುಂಗಿ ಕೆಲಸಕ್ಕೆ ಹೋಗಿದ್ದಳು. ಕಾರ್ಖಾನೆಯ ಔಷಧಿ ಡಬ್ಬಿಯಲ್ಲಿದ್ದ ಜ್ವರದ ಮಾತ್ರೆ ಅಲ್ಲಿ, ಮನೆಗೆ ಬಂದು ಅಂಗಡಿಯಿಂದ ತಂದ ಮೈಕೈ ನೋವಿನ ಮಾತ್ರೆ. ಎರಡರ ಹೆಸರೂ ಬೇರೆ, ಒಳಗಿನ ಔಷಧಿ ಒಂದೇ. ಅದು ಜಾಸ್ತಿಯಾದರೆ ಲಿವರ್ ಸುಡುತ್ತದೆ.

"ಊಟ ಮಾಡು ಅಂದರೆ ಬೇಡ, ಮಾತ್ರೆ ಅಂದರೆ ಬಾಯಿ ಹಾಗೇ ತೆಗೀತಾಳೆ" ಅಂತ ಅಕ್ಕ ಬೈಯುತ್ತಲೇ ಅವಳ ಬೆನ್ನು ಸವರುತ್ತಿದ್ದಳು.

"ಸುಮ್ನಿರೇ ಅಕ್ಕ, ಎಲ್ಲರ ಮುಂದೆ" ಅಂದಳು ಹುಡುಗಿ. ವಾಂತಿ ಬಿಟ್ಟರೆ ಚೆನ್ನಾಗಿಯೇ ಇದ್ದಳು. ಕಣ್ಣು ಬೆಳ್ಳಗೇ ಇತ್ತು.

ಮೇಷ್ಟ್ರು ಅಳೆದರು. ಏಳು. ಪಕ್ಕೆಯ ಮೇಲೆ ಹಿಡಿ ಇಟ್ಟ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿದರು, ಮುಂದಿನ ಸಲ ಅಲ್ಲೇ ಅಳೆಯೋಕೆ. ಆ ದಿನ ಕೆಲಸದ ಮೇಲಿದ್ದ ಡಾಕ್ಟರಮ್ಮ ಬಂದು ನೋಡಿದರು. ರಕ್ತ ಪರೀಕ್ಷೆಗೆ ಊರಾಚೆ ಹೋಗಬೇಕು, ಫಲಿತಾಂಶ ಬರೋದು ಮಾರನೆ ದಿನ ಸಂಜೆ. ಆ ವಿಷಕ್ಕೆ ಕೊಡೋ ಔಷಧಿ ನಮ್ಮಲ್ಲಿ ಮುಗಿದಿತ್ತು. ಐದು ಗಂಟೆ ದಾರಿಯ ದೊಡ್ಡ ಆಸ್ಪತ್ರೆಯಲ್ಲಿತ್ತು, ಅಲ್ಲಿ ಮಂಚ ಸಿಗೋದು ಕಷ್ಟ.

"ಏಳು ಅಂದರೆ ನನಗೂ ಭಯವೇ" ಅಂದರು ಡಾಕ್ಟರಮ್ಮ. "ಆದರೆ ಜ್ವರಕ್ಕೂ ಅಷ್ಟು ಏರಬಹುದು. ಬೆಳಿಗ್ಗೆ ಮತ್ತೆ ಅಳೀರಿ. ಏರಿದ್ದರೆ ಒಂದು ಗಳಿಗೆಯೂ ಕಾಯದೆ ಕಳಿಸೋಣ. ಅಷ್ಟರಲ್ಲೇ ನಿಂತಿದ್ದರೆ ಇಲ್ಲೇ ನೋಡ್ಕೊಳ್ಳೋಣ."

ಅಂದರೆ ಆ ಹುಡುಗಿಯ ಜೀವ ಬೆಳಗಿನ ಒಂದು ಅಂಕಿಯ ಮೇಲೆ ನಿಂತಿತ್ತು. ಈ ಮಾತು ನಡೆದಾಗ ನಾನು ಅಲ್ಲೇ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದೆ. ಎಲ್ಲವನ್ನೂ ಕೇಳಿಸಿಕೊಂಡೆ.

ಇನ್ನು ನನ್ನ ವಿಷಯ ಹೇಳಬೇಕು. ಆಗ ಒಂದು ತಿಂಗಳಿಂದ ನನಗೆ ಸಕ್ಕರೆ ಖಾಯಿಲೆಯ ಮಾತ್ರೆ ಶುರುವಾಗಿತ್ತು. ಬೇರೆ ಕಡೆ ತೋರಿಸಿಕೊಂಡಿದ್ದೆ, ಇಲ್ಲಿ ಯಾರಿಗೂ ಹೇಳಿರಲಿಲ್ಲ. ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಇರಬಾರದು ಅಂದಿದ್ದರು. ನಾನು ಮಾತ್ರೆಯನ್ನೇ ತಡವಾಗಿ ನುಂಗುತ್ತಾ, ಎಂಟೂವರೆಯ ಅಳತೆ ಮುಗಿಸಿ ತಿನ್ನುತ್ತಾ ಹೇಗೋ ತಳ್ಳುತ್ತಿದ್ದೆ. ಆ ಬೆಳಿಗ್ಗೆ ಮರೆತು ಮನೆಯಲ್ಲೇ ನುಂಗಿಬಿಟ್ಟೆ. ಆಸ್ಪತ್ರೆಯ ಗೇಟಿನ ಹತ್ತಿರ ಬರೋ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಕಣ್ಣು ಮಂಜು. ಎದುರಿನ ಅಂಗಡಿಯ ಬೆಂಚಿನ ಮೇಲೆ ಕುಸಿದು ಎರಡು ಬಾಳೆಹಣ್ಣು, ಎರಡು ಬನ್ನು ತಿಂದು ಒಂದು ದೊಡ್ಡ ಲೋಟ ಹಾಲು ಕುಡಿದೆ. ಎಂಟಕ್ಕೆ ಕಾಲು ಗಂಟೆ ಇತ್ತು.

ಎಂಟೂವರೆಗೆ ಮೇಷ್ಟ್ರು, "ಬನ್ನಿ ಅಮ್ಮ, ಇವತ್ತು ಬೇಗ ಮುಗಿಸೋಣ, ಆ ಹುಡುಗಿ ಕಾಯ್ತಿದ್ದಾಳೆ" ಅಂದರು. ನಾನು ಮಲಗಿದೆ.

ಹೇಳಬಹುದಿತ್ತು. ಹೇಳಲಿಲ್ಲ. ಆ ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಕರೆಯುತ್ತಿದ್ದದ್ದು ಏನಾದರೂ ಚೆಲ್ಲಿದಾಗ, ಯಾರಾದರೂ ವಾಂತಿ ಮಾಡಿಕೊಂಡಾಗ. ಬಂದು ಮಲಗಿ ಅಂತ ಕರೆಯುತ್ತಿದ್ದದ್ದು ಎಂಟೂವರೆಗೆ ಮಾತ್ರ. ಸಕ್ಕರೆ ಖಾಯಿಲೆ, ತಿಂದು ಬಂದೆ ಅಂದರೆ ನಾಳೆಯಿಂದ ನನ್ನ ಬದಲು ಗೇಟಿನ ಕಾವಲುಗಾರನನ್ನು ಮಲಗಿಸುತ್ತಾರೆ. ಒಂದು ದಿನದ ತಿಂಡಿ, ಅಷ್ಟೇನು ವ್ಯತ್ಯಾಸವಾದೀತು ಅಂತ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಪರದೆಯ ಮೇಲೆ ಆರು ಪಾಯಿಂಟ್ ಎರಡು ಬಂತು.

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಮೆಷಿನ್ ಆರಿಸಿ ಹಚ್ಚಿದರು. ಪ್ಲಗ್ ಬದಲಿಸಿದರು. ಮತ್ತೆ ಅಳೆದರು. ಆರು ಪಾಯಿಂಟ್ ಮೂರು. ನನ್ನ ಮುಖ ನೋಡಲೇ ಇಲ್ಲ, ಮೆಷಿನ್ನಿನ ಮುಖವನ್ನೇ ನೋಡಿದರು.

"ಸರಿಯಾದ ದಿನ ನೋಡಿ ಕೈ ಕೊಡ್ತಲ್ಲ ಮುದುಕಿ" ಅಂದರು. ನನಗಲ್ಲ, ಮೆಷಿನ್ನಿಗೆ. "ಒಂದೂವರೆ ಚಿಲ್ಲರೆ ಜಾಸ್ತಿ ತೋರಿಸ್ತಿದೆ." ರಿಪೇರಿಯವರಿಗೆ ಫೋನ್ ಮಾಡಿದರು. ನಾಳೆ ಬರ್ತೀವಿ ಅಂದರಂತೆ.

ಒಂಬತ್ತಕ್ಕೆ ಹುಡುಗಿಯನ್ನು ಮಲಗಿಸಿ ಅಳೆದರು. ಎಂಟು ಪಾಯಿಂಟ್ ಆರು. ಮೇಷ್ಟ್ರು ಕಾಗದದ ಮೇಲೆ ಕಳೆದರು. "ಮೆಷಿನ್ನಿನ ತಪ್ಪು ಕಳೆದರೆ ಏಳೇ. ನಿನ್ನೆಯಷ್ಟೇ ಇದೆ" ಅಂತ ಡಾಕ್ಟರಮ್ಮನಿಗೆ ಹೇಳಿದರು. ಅಕ್ಕ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡಳು. ಹುಡುಗಿಯನ್ನು ವಾರ್ಡಿನಲ್ಲೇ ಇಟ್ಟುಕೊಂಡರು.

ನನಗೆ ಮಧ್ಯಾಹ್ನದ ಅಳತೆ ನೋಡಿದ ಮೇಲೆ ಅರ್ಥವಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂಬತ್ತಕ್ಕೇ ಅರ್ಧ ಅರ್ಥವಾಗಿತ್ತು. ಆ ಕಳೆದದ್ದು ನನ್ನ ಬಾಳೆಹಣ್ಣು, ನನ್ನ ಬನ್ನು. ಆದರೂ ಬಟ್ಟೆ ಮಡಚಿದೆ, ನೆಲ ಒರೆಸಿದೆ, ಒರೆಸಿದ ನೆಲವನ್ನೇ ಮತ್ತೆ ಒರೆಸಿದೆ. ಮೇಷ್ಟ್ರು ಇಷ್ಟು ಓದಿದವರು, ಅವರಿಗೆ ಗೊತ್ತಿರದೇ ಇರುತ್ತದಾ ಅಂದುಕೊಂಡೆ. ಅವರಿಗೆ ಗೊತ್ತಾಗುವ ದಾರಿ ನನ್ನ ಬಾಯಿ ಒಂದೇ ಅನ್ನೋದು ಗೊತ್ತಿದ್ದೇ ಹಾಗೆ ಅಂದುಕೊಂಡೆ.

ಹನ್ನೆರಡಕ್ಕೆ ಮತ್ತೆ ಅಳೆದಾಗ ಹುಡುಗಿಗೆ ಒಂಬತ್ತು ಪಾಯಿಂಟ್ ಒಂಬತ್ತು.

"ಏನ್ ಸಾರ್, ಜಾಸ್ತಿ ಆಯ್ತಾ?" ಅಂದಳು ಅಕ್ಕ.

"ಮೆಷಿನ್ ಇನ್ನೂ ಹದಗೆಡ್ತಿದೆ ಅನ್ಸುತ್ತೆ. ನೀವು ಹೆದರಬೇಡಿ" ಅಂದರು ಮೇಷ್ಟ್ರು. ಆದರೆ ಆ ಮಾತಿನ ಮೇಲೆ ಅವರಿಗೇ ನಂಬಿಕೆ ಇರಲಿಲ್ಲ. ಅಕ್ಕ ತಂಗಿ ಆಚೆ ಹೋದ ಮೇಲೂ ಪರದೆ ನೋಡುತ್ತಾ ಕೂತೇ ಇದ್ದರು.

ನಾನು ಬಾಗಿಲು ಹಾಕಿದೆ. "ಮೇಷ್ಟ್ರೇ, ಮೆಷಿನ್ ಸರಿಯಾಗಿದೆ" ಅಂದೆ.

"ಅದು ನಿಮಗೆ ಹೇಗಮ್ಮ ಗೊತ್ತು?"

"ಬೆಳಿಗ್ಗೆ ನಾನು ತಿಂದಿದ್ದೆ."

ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಬಹಳ ಮೆಲ್ಲಗೆ ಕೇಳಿದರು, "ಏನು ತಿಂದ್ರಿ? ಎಷ್ಟು ಹೊತ್ತಿಗೆ?"

"ಎರಡು ಬಾಳೆಹಣ್ಣು, ಎರಡು ಬನ್ನು, ದೊಡ್ಡ ಲೋಟದಲ್ಲಿ ಹಾಲು. ಎಂಟಕ್ಕೆ ಕಾಲು ಗಂಟೆ ಇತ್ತು."

"ಆಮೇಲೆ?"

"ಆಮೇಲೆ ನೀರೂ ಕುಡಿದಿಲ್ಲ."

"ಮಲಗಿ."

ಹತ್ತು ಸಲ ಉಸಿರು ಹಿಡಿದೆ. ಹಿಡೀರಿ ಅಂತಲೂ ಅವರು ಹೇಳಲಿಲ್ಲ, ನನಗೆ ಗೊತ್ತಿತ್ತು. ನಾಲ್ಕು ಪಾಯಿಂಟ್ ಆರು. ಮೆಷಿನ್ನಿನಲ್ಲಿ ಏನೂ ದೋಷವಿರಲಿಲ್ಲ. ಹುಡುಗಿಯ ಏಳು ನಿಜ, ಎಂಟು ಪಾಯಿಂಟ್ ಆರು ನಿಜ, ಒಂಬತ್ತು ಪಾಯಿಂಟ್ ಒಂಬತ್ತೂ ನಿಜ.

ಮೇಷ್ಟ್ರು ಕೈಯ ಜೆಲ್ ಒರೆಸಿಕೊಳ್ಳದೆ ವಾರ್ಡಿಗೆ ಓಡಿದರು. ನಾನು ಸೆರಗು ಸರಿಮಾಡಿಕೊಂಡು ಹಿಂದೆ ಹೋದೆ.

ಡಾಕ್ಟರಮ್ಮ ರೇಗಿದರು. "ಬೆಳಿಗ್ಗೆ ಕೆಟ್ಟಿದೆ ಅಂತೀರಿ, ಮಧ್ಯಾಹ್ನ ಸರಿಯಿದೆ ಅಂತೀರಿ. ಯಾವ ಮಾತು ನಂಬಲಿ ನಾನು? ಐದು ಗಂಟೆ ದಾರಿ ರೀ!"

"ಈಗಿನದನ್ನ ನಂಬಿ ಮೇಡಂ. ಬೆಳಿಗ್ಗೆ ತಪ್ಪಿದ್ದು ನನ್ನ ಅಳತೆ."

"ಹೇಗೆ ತಪ್ಪಿತು?"

"ಕೇಳಬೇಕಾದ್ದನ್ನ ನಾನು ಕೇಳಲಿಲ್ಲ. ಬೈಯೋದನ್ನ ಆಮೇಲೆ ಬೈಯಿರಿ."

ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ. ನಾನೂ ಮುಂದೆ ಬರಲಿಲ್ಲ.

ಡಾಕ್ಟರಮ್ಮ ಹುಡುಗಿಯ ಮಂಚದ ಹತ್ತಿರ ಹೋದರು. ಹುಡುಗಿ ಕಣ್ಣು ಮುಚ್ಚಿದ್ದಳು. ತಟ್ಟಿ ಎಬ್ಬಿಸಿ, "ಇವರು ಯಾರಮ್ಮ, ಹೇಳು" ಅಂತ ಅಕ್ಕನನ್ನು ತೋರಿಸಿದರು.

ಹುಡುಗಿ ಬಹಳ ಹೊತ್ತು ನೋಡಿದಳು. "ಅಮ್ಮ" ಅಂದಳು.

"ಥೂ, ನಾನು ಕಣೇ, ಅಮ್ಮನಷ್ಟು ಮುದುಕಿಯಾಗಿದ್ದೀನಾ?" ಅಂತ ಅಕ್ಕ ನಕ್ಕಳು. ಡಾಕ್ಟರಮ್ಮನ ಮುಖ ನೋಡಿ ಆ ನಗು ಅಲ್ಲೇ ನಿಂತಿತು.

ಹನ್ನೆರಡೂ ಮುಕ್ಕಾಲಿಗೆ ಆಂಬುಲೆನ್ಸ್ ಹೊರಟಿತು. ಡಾಕ್ಟರಮ್ಮ ದೊಡ್ಡ ಆಸ್ಪತ್ರೆಯವರ ಜೊತೆ ಫೋನಿನಲ್ಲೇ ಜಗಳವಾಡಿ ಮಂಚ ಹಿಡಿದಿದ್ದರು. ಸಂಜೆ ರಕ್ತದ ಫಲಿತಾಂಶ ಬಂತು. ಲಿವರ್ ಕೈಬಿಡುತ್ತಿದೆ ಅಂತಲೇ ಅದರಲ್ಲೂ ಇತ್ತು. ಅಷ್ಟು ಹೊತ್ತಿಗೆ ಹುಡುಗಿ ಹತ್ತಿರಹತ್ತಿರ ಅಲ್ಲಿಗೆ ತಲುಪಿದ್ದಳು.

ಮೂರು ದಿನ ಸುದ್ದಿಯಿಲ್ಲ. ಆ ಮೂರು ದಿನ ಮೇಷ್ಟ್ರು ನನ್ನನ್ನು ಮಲಗಿಸಲಿಲ್ಲ, ಕ್ಯಾಲೆಂಡರಿನ ಮನೆಗಳು ಖಾಲಿ ಉಳಿದವು. ನಾಲ್ಕನೆ ದಿನ ಅಕ್ಕ ಫೋನ್ ಮಾಡಿದಳು. ಎಚ್ಚರ ತಪ್ಪಿದ್ದವಳಿಗೆ ಎಚ್ಚರ ಬಂದಿದೆ, ಅಂಕಿ ಇಳಿಯುತ್ತಿದೆ. ಮೇಷ್ಟ್ರು ಫೋನ್ ಇಟ್ಟು, ಮಂಚದ ತುದಿಯಲ್ಲಿ ಕೂತು, ಎರಡೂ ಅಂಗೈಯಿಂದ ಕಣ್ಣು ಉಜ್ಜಿಕೊಂಡರು. ನಾನು ಆಚೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಒಂದೂವರೆ ತಿಂಗಳ ಮೇಲೆ ಅಕ್ಕ ತಂಗಿ ಇಬ್ಬರೂ ಬಂದರು. ಹುಡುಗಿ ಬಡವಾಗಿದ್ದಳು, ಮೆಟ್ಟಿಲು ಹತ್ತಿ ಬಂದು ಕೂತು ಏದುತ್ತಿದ್ದಳು. ಕೆಲಸಕ್ಕೆ ಇನ್ನೂ ನಾಲ್ಕು ತಿಂಗಳು ಹೋಗಬಾರದಂತೆ. ಅಕ್ಕ ಮೇಷ್ಟ್ರ ಕಾಲು ಮುಟ್ಟೋಕೆ ಬಗ್ಗಿದಳು. ಅವರು ಹಿಂದೆ ಸರಿದು, "ಬೇಡ ತಾಯಿ. ನಮ್ಮಿಂದ ಮೂರು ಗಂಟೆ ತಡ ಆಯ್ತು. ಅದು ನಿಮಗೆ ಗೊತ್ತಿರಲಿ" ಅಂದರು.

"ಬದುಕಿದಳಲ್ಲ ಸಾರ್, ಬಿಡಿ" ಅಂದಳು ಅಕ್ಕ.

ಬಿಡಿ ಅಂದಳು. ಆ ಏದುಸಿರು ಐದು ದಿನದ ಮಾತ್ರೆಯದೋ, ಮೂರು ಗಂಟೆಯದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರನ್ನು ಒಮ್ಮೆ ಕೇಳಿದ್ದೆ. "ಅದನ್ನ ಅಳೆಯೋ ಮೆಷಿನ್ ಇಲ್ಲ ಅಮ್ಮ" ಅಂದರು.

ಆಮೇಲೆ ನನ್ನ ಸಕ್ಕರೆ ಖಾಯಿಲೆಯ ವಿಷಯ ಪೂರ್ತಿ ಕೇಳಿ ತಿಳಿದುಕೊಂಡರು. ಬೇರೆ ಯಾರನ್ನಾದರೂ ಮಲಗಿಸಿ ಅಂತ ನಾನೇ ಹೇಳಿದೆ. ಅವರು ಒಪ್ಪಲಿಲ್ಲ. ಕಾವಲುಗಾರನನ್ನೂ ಅಡುಗೆಯವಳನ್ನೂ ಸೇರಿಸಿಕೊಂಡರು, ನನ್ನನ್ನೂ ಬಿಡಲಿಲ್ಲ. ನಾನು ಬೇಗ ತಿನ್ನಬೇಕು ಅಂತ ಅಳತೆಯ ಹೊತ್ತನ್ನು ಏಳೂವರೆಗೆ ತಂದರು. ಅದಕ್ಕಾಗಿ ತಾವೇ ಒಂದು ಗಂಟೆ ಮುಂಚೆ ಬರುತ್ತಿದ್ದರು, ಕೆಲಸ ಬಿಡೋವರೆಗೂ. ಮೂವರನ್ನೂ ದಿನವೂ ಕೇಳುತ್ತಿದ್ದರು, ಏನು ತಿಂದಿರಿ, ಎಷ್ಟು ಹೊತ್ತಾಯಿತು, ಏನಾದರೂ ಮಾತ್ರೆ ನುಂಗಿದಿರಾ. "ಪೊಲೀಸರೂ ಇಷ್ಟು ಕೇಳಲ್ಲ ಸಾರ್" ಅನ್ನುತ್ತಿದ್ದ ಕಾವಲುಗಾರ. "ಪೊಲೀಸರಿಗೆ ನಿನ್ನ ಲಿವರ್ ಬೇಕಾಗಿಲ್ಲ" ಅನ್ನುತ್ತಿದ್ದರು ಮೇಷ್ಟ್ರು.

ವರ್ಷಗಟ್ಟಲೆ ಒಂದೇ ಕೈಯಲ್ಲಿ ಹಿಡಿ ಒತ್ತಿ ಒತ್ತಿ ಅವರ ಬಲಭುಜ ಕೆಟ್ಟುಹೋಯಿತು. ಕೊನೆಕೊನೆಗೆ ಎಡಗೈಯಿಂದ ಬಲಗೈ ಮೊಣಕೈಯನ್ನು ಎತ್ತಿ ಹಿಡಿದು ಅಳೆಯುತ್ತಿದ್ದರು. ಇನ್ನು ಆಗದು ಅಂತ ಡಾಕ್ಟರಮ್ಮನೇ ಕೂರಿಸಿ ಹೇಳಿದರು. ಅವರ ಜಾಗಕ್ಕೆ ಓದಿಕೊಂಡ ಒಬ್ಬಳು ಹುಡುಗಿ ಬರೋದು ಅಂತಾಯಿತು.

ಕೊನೆಯ ದಿನ ಮಧ್ಯಾಹ್ನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಹೊಸಬಳಿಗೆ ಅಂತ ಒಂದು ನೋಟ್ ಪುಸ್ತಕದಲ್ಲಿ ವಾರದಿಂದ ಬರೆಯುತ್ತಿದ್ದರು. ಭುಜ ನೋಯುತ್ತಿದ್ದುದರಿಂದ ಅಕ್ಷರ ದೊಡ್ಡದಾಗಿ, ಓರೆಯಾಗಿ ಬಿದ್ದಿತ್ತು. ನಾನು ಮಂಚದ ಬಟ್ಟೆ ತೆಗೆಯುತ್ತಿದ್ದೆ. ಕೊನೆಯ ಪುಟವನ್ನು ಗಟ್ಟಿಯಾಗಿ ಓದಿದರು, ನಾನು ಕೇಳಲಿ ಅಂತ.

"ಬೆಳಿಗ್ಗೆ ಮೂರು ಜನರನ್ನು ಅಳೆಯಬೇಕು. ಒಬ್ಬರನ್ನೇ ನೆಚ್ಚಬಾರದು. ನಾನು ಒಬ್ಬರನ್ನೇ ನೆಚ್ಚಿದ್ದೆ. ಒಂದು ದಿನ ಅವರು ತಿಂದು ಬಂದಿದ್ದರು. ನಾನು ಕೇಳಲಿಲ್ಲ. ಅದರಿಂದ ಒಬ್ಬ ಹುಡುಗಿಗೆ ಮೂರು ಗಂಟೆ ತಡವಾಯಿತು."

ಅಲ್ಲಿಗೆ ನಿಲ್ಲಿಸಿದರು. ಪುಸ್ತಕ ಮುಚ್ಚಲಿಲ್ಲ, ಪೆನ್ನಿನ ಮುಚ್ಚಳವನ್ನೂ ಹಾಕಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು:

"ನಾನು ಕೇಳಲಿಲ್ಲ ಅಂತ ಬರೆದಿದ್ದೀನಿ. ನೀವು ಹೇಳಲಿಲ್ಲ ಅಂತಾನೂ ಬರೀಲಾ ಅಮ್ಮ?"